ಪವನಿನ ವಟ್ಟ

ಕಳೆದ ಮಾಘಮಾಸದ ಒಂದು ಸಂಜೆ ತರಗತಿಗಳೆಲ್ಲ ಮುಗಿದು ಅಧ್ಯಾಪಕರ ಕೋಣೆಯಲ್ಲಿ ನಾನೊಬ್ಬನೇ ಉಳಿದಿದ್ದೆ. ಬೈಂದೂರಿನ ಕಡೆಯಿಂದ ದಿನವೂ ಬಸ್ಸಿನಲ್ಲಿ ಕುಂದಾಪುರಕ್ಕೆ ಬರುವ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಬಾಗಿಲಲ್ಲಿ ನಿಂತಳು. ತಾಯಿಯ ಸೆರಗಿನ ಗಂಟಿನಲ್ಲಿ ಒಂದು ಪವನಿನ ಸರವಿತ್ತು. ಹಿರಿಯ ಮಗಳ ಮದುವೆ ಗೊತ್ತಾಗಿದೆ. ಸರವನ್ನು ಕರಗಿಸಿ ಹೊಸ ಒಡವೆ ಮಾಡಿಸಬೇಕು. ಹಳೆಯ ನಾಣ್ಯಗಳನ್ನು ಕೂಡಿಡುವ ನನ್ನ ಹವ್ಯಾಸವನ್ನು ಹುಡುಗಿ ಮನೆಯಲ್ಲಿ ಹೇಳಿದ್ದಳಂತೆ. ಅಕ್ಕಸಾಲಿಯ ಅಂಗಡಿಗೆ ಹೋಗುವ ಮುನ್ನ ಒಮ್ಮೆ ನನಗೆ ತೋರಿಸೋಣವೆಂದು ಬಂದಿದ್ದರು.

ಸರದಲ್ಲಿ ಹನ್ನೆರಡು ನಾಣ್ಯಗಳು. ಹನ್ನೊಂದು ಆಂಗ್ಲರ ಸವರನ್ನುಗಳು: ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ವೀರನಿರುವ, ನಮ್ಮ ಕರಾವಳಿಯ ಮನೆಮನೆಯೂ ಬಲ್ಲ ನಾಣ್ಯ. ನಡುವಿನದು ಮಾತ್ರ ಬೇರೆ.

“ಕಾಣಿ ಸರ್, ಇದ್ ಗರುಡನ ಪವನ್ ಅಂತಿದ್ರ್ ಅಮ್ಮಮ್ಮ” ಎಂದಳು ಹುಡುಗಿ.

ರೆಕ್ಕೆ ಬಿಚ್ಚಿ, ಎದೆಗೆ ಗುರಾಣಿ ಕಟ್ಟಿಕೊಂಡು, ಕಾಲುಗಳಲ್ಲಿ ಬಾಣಗಳನ್ನೂ ಆಲಿವ್ ರೆಂಬೆಯನ್ನೂ ಹಿಡಿದ ಹಕ್ಕಿ. ತಿರುಗಿಸಿದರೆ ಮಕುಟ ತೊಟ್ಟ ಸ್ತ್ರೀಮುಖ, ಸುತ್ತ ಹದಿಮೂರು ನಕ್ಷತ್ರ, ೧೮೮೧ ಎಂಬ ಇಸವಿ. ಅಮೆರಿಕದ ಐದು ಡಾಲರಿನ ಬಂಗಾರದ ನಾಣ್ಯ! ಅದು ಈ ಮನೆಗೆ ಹೇಗೆ ಬಂದಿತೆಂದು ಯಾರೂ ಅರಿಯರು. ಹಡಗಿನ ಕೆಲಸಕ್ಕೆ ಹೋದ ಹಿರಿಯರೊಬ್ಬರಿದ್ದರು ಎಂದಷ್ಟೇ ತಾಯಿ ಹೇಳಿದರು. ಆ ದೇಶದ ನಾಣ್ಯದ ಎರಡು ಮುಖಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ. ಹಿಂದಿನ ಅಕ್ಕಸಾಲಿಯು ಹಕ್ಕಿ ನೆಟ್ಟಗೆ ಕಾಣುವಂತೆ ಕೊಂಡಿಯನ್ನು ಬೆಸೆದಿದ್ದನಾದ್ದರಿಂದ ಸ್ವಾತಂತ್ರ್ಯದೇವಿ ಅಷ್ಟು ವರ್ಷವೂ ಅಮ್ಮಮ್ಮನ ಎದೆಗೆ ಮುಖವೊತ್ತಿ ತಲೆಕೆಳಗಾಗಿ ತೂಗಿದ್ದಳು.

“ಇದಕ್ಕೆ ಬಂಗಾರದ ಬೆಲೆಗಿಂತ ಹೆಚ್ಚು ಬರುತ್ತದೆಯೆ?” ಇದು ತಾಯಿಯ ಪ್ರಶ್ನೆ.

ಈ ‘ಹೆಚ್ಚಿ’ಗೆ ಇಂದಿನ ವ್ಯಾಪಾರಿಗಳು ಪ್ರೀಮಿಯಂ ಎನ್ನುತ್ತಾರೆ. ನಮ್ಮ ಹಳೆಯ ಲೆಕ್ಕದ ಮಾತು ವಟ್ಟ. ಒಂದು ಬಗೆಯ ನಾಣ್ಯ ಕೊಟ್ಟು ಇನ್ನೊಂದು ಬಗೆಯದನ್ನು ಪಡೆಯುವಾಗ ಬೀಳುವ ಅಂತರಕ್ಕೆ ಆ ಹೆಸರು. ಕರಾವಳಿಗೆ ಇದು ಹೊಸತಲ್ಲ. ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದ ಬಾರಕೂರು ಅಳುಪರ ರಾಜಧಾನಿಯಾಗಿದ್ದ ಊರು. ಎರಡು ಮೀನುಗಳ ಗುರುತೂ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದೂ ಉಳ್ಳ ಅವರ ಹೊನ್ನನ್ನು ನಾಣ್ಯಶಾಸ್ತ್ರಜ್ಞರು ಬಲ್ಲರು. ವಿಜಯನಗರದ ಕಾಲದ ಶಾಸನಗಳಲ್ಲಿ ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಬರಿಯ ಗದ್ಯಾಣವೆಂದರೆ ಸಾಲದು, ಯಾವ ಊರಿನದೆಂಬುದೂ ಬೇಕು ಎಂಬ ಎಚ್ಚರ ಅಲ್ಲಿದೆ. ಶಾಸನಪಾಠ ಮಾಡುವಾಗ ನಾವು ಅಧ್ಯಾಪಕರು ಈ ವಿಶೇಷಣವನ್ನು ಹಾರಿಸಿ ಮುಂದೆ ಹೋಗುತ್ತೇವೆ. ದಾನ ಬರೆಯಿಸಿದವನು ಹಾರಿಸಿರಲಿಲ್ಲ.

ಇಕ್ಕೇರಿಯ ಅರಸರ ವರಹದ ಮೇಲೆ ಉಮಾಮಹೇಶ್ವರರಿದ್ದರು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ತನ್ನ ಬಹಾದ್ದೂರಿ ವರಹದಲ್ಲಿ ಅದೇ ದೇವರನ್ನು ಉಳಿಸಿಕೊಂಡು, ಹಿಂದೆ ಮಾತ್ರ ಪಾರಸಿ ಲಿಪಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಇಟ್ಟನು. ಜನ ನಂಬಿದ ಅಚ್ಚನ್ನು ಕೆಡಿಸಿದರೆ ಪೇಟೆಯಲ್ಲಿ ವಟ್ಟ ತೆರಬೇಕಾದೀತೆಂಬ ವಿವೇಕ ಅದರಲ್ಲಿತ್ತೆಂದೇ ನನ್ನ ಎಣಿಕೆ. ೧೭೯೯ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಮನ್ರೋ ಕಂದಾಯದ ಲೆಕ್ಕ ಹಾಕಿದ್ದು ಬಹಾದ್ದೂರಿ ವರಹದಲ್ಲಿಯೇ. ಅದು ನಾಲ್ಕು ರೂಪಾಯಿಗೆ ನಡೆಯುತ್ತಿದ್ದಾಗ, ತೂಕದಲ್ಲಿ ಹೆಚ್ಚುಕಡಿಮೆ ಅದರಷ್ಟೇ ಇದ್ದ, ಕಂಪೆನಿಯವರ ಸ್ಟಾರ್ ಪಗೋಡ ಎಂಬ ಮದರಾಸು ವರಹ ಮೂರೂವರೆ ರೂಪಾಯಿಗೆ ನಡೆಯುತ್ತಿತ್ತು. ಅದರಲ್ಲಿ ಬೆರಕೆ ಹೆಚ್ಚು. ಅರ್ಧ ರೂಪಾಯಿಯ ಆ ವಟ್ಟವನ್ನು ಒರೆಗಲ್ಲು ಹೇಳುತ್ತಿತ್ತು.

ಆದರೆ ಸಂಗ್ರಾಹಕನು ತೆರುವ ವಟ್ಟವನ್ನು ಒರೆಗಲ್ಲು ಹೇಳಲಾರದು. ಅದು ವಿರಳತೆಗೆ ತೆರುವ ಬೆಲೆ. ೧೯೩೩ರ ಏಪ್ರಿಲಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟನು ಜನರ ಕೈಯಲ್ಲಿದ್ದ ಬಂಗಾರದ ನಾಣ್ಯಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದನು; ಸಂಗ್ರಾಹಕರ ವಿರಳ ನಾಣ್ಯಗಳಿಗೆ ವಿನಾಯಿತಿಯಿತ್ತು. ಮರುವರ್ಷ ಔನ್ಸ್ ಬಂಗಾರದ ಬೆಲೆ ೨೦.೬೭ ಡಾಲರಿನಿಂದ ೩೫ಕ್ಕೆ ಏರಿತು. ಒಪ್ಪಿಸಿದ ನಾಣ್ಯಗಳು ಕರಗಿ ಗಟ್ಟಿಗಳಾದವು. ೧೯೩೩ರ ಇಸವಿ ಹೊತ್ತ ಇಪ್ಪತ್ತು ಡಾಲರಿನ ನಾಣ್ಯಗಳು ೪,೪೫,೫೦೦ ಅಚ್ಚಾಗಿದ್ದವು. ಮೂಸೆಯಿಂದ ಪಾರಾದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ೨೦೦೨ರಲ್ಲಿ ೭೫.೯ ಲಕ್ಷ ಡಾಲರಿಗೂ, ಅದೇ ನಾಣ್ಯ ೨೦೨೧ರಲ್ಲಿ ೧೮೮.೭ ಲಕ್ಷ ಡಾಲರಿಗೂ ಮಾರಾಟವಾಯಿತು. ಅದರೊಳಗಿನ ಶುದ್ಧ ಬಂಗಾರ ಸುಮಾರು ೩೦ ಗ್ರಾಂ! (ಮೊದಲ ಮಾರಾಟದಲ್ಲಿ ಕೊಂಡವನಿಂದ ಮೇಲೆ ಇಪ್ಪತ್ತು ಡಾಲರನ್ನು ಸರ್ಕಾರ ವಸೂಲು ಮಾಡಿತು. ಖಜಾನೆಯಿಂದ ಕ್ರಮಬದ್ಧವಾಗಿ ಹೊರಬರದ ನಾಣ್ಯಕ್ಕೆ ಮುಖಬೆಲೆ ಬಾಕಿಯಿತ್ತಂತೆ. ನಮ್ಮ ಶ್ಯಾನುಭೋಗರು ಕೇಳಿದ್ದರೆ ಮೆಚ್ಚುತ್ತಿದ್ದರು.)

ಹೀಗೆ ಒಂದು ಅಕ್ಷರ, ಒಂದು ಇಸವಿ ಸಾವಿರ ಪಾಲು ಬೆಲೆಯನ್ನು ಹೊತ್ತಿರುತ್ತದೆ. ಸವರನ್ನಿನಲ್ಲಿ ಆ ಅಕ್ಷರವಿರುವುದು ಕುದುರೆಯ ಕಾಲಕೆಳಗಿನ ನೆಲದ ಗೆರೆಯ ಮೇಲೆ. ೧೯೧೮ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿ ಸುಮಾರು ಹದಿಮೂರು ಲಕ್ಷ ಸವರನ್ನುಗಳು ಅಚ್ಚಾದವು; ಅವುಗಳ ಗುರುತು ‘ಐ’. ಆಸ್ಟ್ರೇಲಿಯದ ಪರ್ತಿನವಕ್ಕೆ ‘ಪಿ’, ಸಿಡ್ನಿಯವಕ್ಕೆ ‘ಎಸ್’. ಅಕ್ಷರವಿಲ್ಲದಿದ್ದರೆ ಲಂಡನ್ನಿನದು. ೧೯೧೭ರ ಲಂಡನ್ ಸವರನ್ನುಗಳು ಬಹುಪಾಲು ಕರಗಿಹೋದುದರಿಂದ ಬಲು ದುರ್ಲಭ. ಅದೇ ವರ್ಷದ ಪರ್ತಿನದು ಸುಲಭ. ಈ ಭೇದವನ್ನು ಪುಸ್ತಕದಲ್ಲಿ ಓದಿ ಪಂಡಿತನಾದ ನಾನು ಒಮ್ಮೆ ಪರಸ್ಥಳದ ವ್ಯಾಪಾರಿಯೊಬ್ಬನಿಂದ ಅಕ್ಷರವಿಲ್ಲದ ೧೯೧೭ನ್ನು ಎರಡು ತಿಂಗಳ ಸಂಬಳ ಸುರಿದು ಕೊಂಡು ತಂದೆ. ಮನೆಗೆ ಬಂದು ದೀಪದ ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದಾಗ ಗೆರೆಯ ನಡುವೆ ಅರದಿಂದ ಉಜ್ಜಿದ ನವಿರಾದ ತಗ್ಗು ಕಂಡಿತು. ಅಕ್ಷರ ಅಲ್ಲಿತ್ತು, ಯಾರೋ ತೆಗೆದಿದ್ದರು. ಅಂದಿನಿಂದ ನಾನು ಕಾಣದಿರುವುದಕ್ಕೆ ಹಣ ಕೊಡುವುದಿಲ್ಲ.

ಇನ್ನು ಆ ತಾಯಿಗೆ ಏನು ಹೇಳಲಿ? ೧೮೮೧ರ ಐದು ಡಾಲರಿನ ನಾಣ್ಯಗಳು ಫಿಲಡೆಲ್ಫಿಯದ ಟಂಕಸಾಲೆಯೊಂದರಲ್ಲಿಯೇ ೫೭ ಲಕ್ಷಕ್ಕೂ ಮಿಕ್ಕಿ ಅಚ್ಚಾಗಿದ್ದವು. ಹಕ್ಕಿಯ ಕೆಳಗೆ ಬೇರೆ ಊರಿನ ಅಕ್ಷರವಿಲ್ಲ. ವಿರಳತೆಯಿಲ್ಲ. ಇದ್ದಿದ್ದರೂ ಕೊಂಡಿಯ ಬೆಸುಗೆ ಅದನ್ನು ತಿಂದುಹಾಕುತ್ತಿತ್ತು. ಬೆಂಕಿ ತಗುಲಿದ ಅಂಚು, ಹುಣಿಸೆಹಣ್ಣು ಹಾಕಿ ತಿಕ್ಕಿದ ಮುಖ ಇವೆರಡನ್ನೂ ಸಂಗ್ರಾಹಕನು ಕ್ಷಮಿಸನು. ಹಬ್ಬ ಹಬ್ಬಕ್ಕೂ ಅಮ್ಮಮ್ಮ ಭಕ್ತಿಯಿಂದ ತಿಕ್ಕಿದ್ದರಂತೆ. ಹೊಳಪಿಗೆಂದು ತಿಕ್ಕಿದಷ್ಟೂ ಪೇಟೆಯಲ್ಲಿ ಬೆಲೆ ಸವೆಯುತ್ತದೆಂಬುದನ್ನು ಆಕೆಗೆ ಹೇಳಿದ್ದರೂ ನಂಬುತ್ತಿರಲಿಲ್ಲ; ನಂಬಬೇಕಾಗಿಯೂ ಇರಲಿಲ್ಲ.

ಆದರೆ ಇನ್ನೊಂದು ವಿಷಯ ಹೊಳೆಯಿತು. ಅಂಗಡಿಯಲ್ಲಿ ಹನ್ನೆರಡು ಪವನೆಂದು ಎಣಿಸಿ ಲೆಕ್ಕ ಕಟ್ಟುವುದಾಗಿ ಹೇಳಿದ್ದರಂತೆ. ಗರುಡನದು ‘ತೊಂಬತ್ತು ಟಚ್’ ಮಾತ್ರವಾದ್ದರಿಂದ ಅದರಲ್ಲಿ ಸ್ವಲ್ಪ ಕಡಿತವೂ ಉಂಟಂತೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಸವರನ್ನಿನ ತೂಕ ೭.೯೮೮ ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬಂಗಾರವೆಂದರೆ ಶುದ್ಧ ಬಂಗಾರ ೭.೩೨ ಗ್ರಾಂ. ಅಮೆರಿಕದ ನಾಣ್ಯದ ತೂಕ ೮.೩೫೯ ಗ್ರಾಂ, ಹತ್ತರಲ್ಲಿ ಒಂಬತ್ತು ಪಾಲು ಬಂಗಾರವೆಂದರೆ ೭.೫೨. ಒರೆಯಲ್ಲಿ ಕೀಳಾದರೂ ಒಡಲಲ್ಲಿ ಐದನೆಯ ಒಂದು ಗ್ರಾಂ ಹೆಚ್ಚು. ಕೊಂಡಿ ಕತ್ತರಿಸಿ, ಪ್ರತಿಯೊಂದನ್ನೂ ಬೇರೆಯಾಗಿ ತೂಗಿಸಿ, ಸವೆತವನ್ನು ಕಳೆದು ಲೆಕ್ಕ ಕೇಳಿ ಎಂದೆ. ತಾಯಿ ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡರು.

ಅವರನ್ನು ಕಳಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಗಿತ್ತು. ಇಂಥ ಮನೆಗಳಲ್ಲಿ ಇನ್ನೂ ಎಷ್ಟು ವರಹ, ಎಷ್ಟು ಹಣ, ಎಷ್ಟು ಪವನು ಹೆಸರಿಲ್ಲದೆ ಮೂಸೆಗೆ ಹೋಗುತ್ತಿವೆಯೋ ಎಂದು ಯೋಚಿಸಿದೆ. ನೂರು ವರ್ಷ ದಾಟಿದ ನಾಣ್ಯ ೧೯೭೨ರ ಕಾಯಿದೆಯಂತೆ ಪುರಾವಸ್ತು; ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ೧೮೭೮ರಷ್ಟು ಹಳೆಯದು. ಆದರೆ ಕೊರಳಿನ ಸರ ಅಕ್ಕಸಾಲಿಯ ಅಂಗಡಿಗೆ ನಡೆಯುವಾಗ ಯಾವ ಕಾಯಿದೆ ದಾರಿಗೆ ಅಡ್ಡ ಬಂದೀತು? ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ೨೦೧೧ರಲ್ಲಿ ಆರಂಭವಾದ ನಾಣ್ಯಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ, ಗಾಜಿನ ಹಿಂದಿನ ವರಹಕ್ಕಿಂತ ಅವರ ಮನೆಯ ಪೆಟ್ಟಿಗೆಯ ಮೇಲೆಯೇ ನನ್ನ ಗಮನವಿರುತ್ತದೆ.

ಹದಿನೈದು ದಿನಗಳ ಮೇಲೆ ಹುಡುಗಿ ಬಂದಳು. ಮದುವೆಯ ಕರೆಯೋಲೆ ಕೊಟ್ಟಳು. ಲೆಕ್ಕ ಸರಿಯಾಗಿ ಸಿಕ್ಕಿತಂತೆ. ಒಂದೊಂದಾಗಿ ತೂಗಿ ಕೊಟ್ಟರಂತೆ. ಎಲ್ಲವನ್ನೂ ಕರಗಿಸಲಿಲ್ಲ, ನೆನಪಿಗೆಂದು ಎರಡನ್ನು ಉಳಿಸಿಕೊಂಡೆವು ಎಂದಳು.

“ಗರುಡನನ್ನು ಉಳಿಸಿದಿರಷ್ಟೆ?”

ಹುಡುಗಿ ತಲೆ ತಗ್ಗಿಸಿದಳು. “ಇಲ್ಲ ಸರ್. ಅದ್ರಲ್ಲೇ ಬಂಗಾರ ಜಾಸ್ತಿ ಇತ್ತಲ್ಲ, ನೀವೇ ಹೇಳಿದ್ರಿ. ಅಮ್ಮ ಮೊದ್ಲು ಅದನ್ನೇ ಕೊಟ್ರು.”

ಅನಂತರ ಪುಸ್ತಕದ ನಡುವಿನಿಂದ ಒಂದು ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಕರಗಿಸುವ ಹಿಂದಿನ ರಾತ್ರಿ ನಾಣ್ಯದ ಮೇಲೆ ಕಾಗದವಿರಿಸಿ ಸೀಸದಕಡ್ಡಿಯಿಂದ ತಿಕ್ಕಿ ತೆಗೆದ ಗುರುತು. ರೆಕ್ಕೆಗಳು ಚೆನ್ನಾಗಿ ಮೂಡಿದ್ದವು. ಕೊಂಡಿಯಿದ್ದ ಕಡೆ ಕಾಗದ ಸ್ವಲ್ಪ ಹರಿದಿತ್ತು.