ಕೋಲಾ ಬಾಟಲಿ ಮತ್ತು ಊರಿನ ನೀರಿನ ಲೆಕ್ಕ



ಮದುವೆ ಇರಲಿ, ನಾಮಕರಣ ಇರಲಿ, ಈಗ ಕೋಲಾ ಬಾಟಲಿ ಬೇಕೇ ಬೇಕು. ಸಂಘದ ಸಾಲದಿಂದ ಅಂಗಡಿ ಇಟ್ಟಿರುವ ನಮ್ಮ ಸದಸ್ಯೆಯರೂ ಇದನ್ನು ಮಾರುತ್ತಾರೆ. ಇದನ್ನು ತುಂಬುವ ಕಂಪನಿ ಊರಿಂದ ಏನು ತಗೊಳ್ಳುತ್ತದೆ, ಏನು ಕೊಡುತ್ತದೆ ಅಂತ ನಾವು ತಿಳಿದಿರಬೇಕು.

ಕೋಕಾ-ಕೋಲಾ ಕಂಪನಿ 1977ರಲ್ಲಿ ನಮ್ಮ ದೇಶ ಬಿಟ್ಟು ಹೋಗಿತ್ತು. 1993ರಲ್ಲಿ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾ ಮುಂತಾದ ಇಲ್ಲಿಯ ಪಾನೀಯಗಳನ್ನೂ ಕೊಂಡುಕೊಂಡಿತು. ಬಾಟಲಿಗೆ ತುಂಬುವ ಕೆಲಸವನ್ನು ಬೇರೆ ಬೇರೆ ಸಂಸ್ಥೆಗಳು ಮಾಡುತ್ತವೆ. ಅವುಗಳಲ್ಲಿ ದೊಡ್ಡದಾದ ಹಿಂದುಸ್ತಾನ್ ಕೋಕಾ-ಕೋಲಾ ಬೆವರೇಜಸ್‌ನ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಬಿಡದಿಯಲ್ಲಿ ಕಾರ್ಖಾನೆಯಿದೆ. ಇಂಥ ಕಾರ್ಖಾನೆಗಳಿಂದ ಕೆಲವರಿಗೆ ಕೆಲಸ ಸಿಗುತ್ತದೆ, ಅಂಗಡಿಗಳಿಗೆ ವ್ಯಾಪಾರ ಆಗುತ್ತದೆ. ಅದನ್ನು ಇಲ್ಲವೆನ್ನಲಾಗದು.

ಆದರೆ ಪಾನೀಯದ ಹೆಚ್ಚಿನ ಪಾಲು ನೀರೇ. ಬಾಟಲಿ, ಯಂತ್ರ ತೊಳೆಯಲೂ ನೀರು ಬೇಕು. ಹಾಗಾಗಿ ಒಂದು ಲೀಟರ್ ಪಾನೀಯಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಖರ್ಚಾಗುತ್ತದೆ.

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಕೋಕಾ-ಕೋಲಾ ಕಾರ್ಖಾನೆ ಶುರುವಾಯಿತು. ಬಾವಿಗಳ ನೀರು ಇಳಿಯಿತು, ಉಳಿದದ್ದು ಅಡುಗೆಗೂ ಬರದಂತಾಯಿತು ಅಂತ ಜನ ದೂರಿದರು. ಹೆಂಗಸರು ಕೊಡ ಹೊತ್ತು ದೂರ ನಡೆಯಬೇಕಾಯಿತು. ಕಂಪನಿ ಆರೋಪಗಳನ್ನು ಒಪ್ಪಲಿಲ್ಲ. 2002ರ ಏಪ್ರಿಲ್‌ನಲ್ಲಿ ಗೇಟಿನ ಮುಂದೆ ಧರಣಿ ಶುರುವಾಯಿತು. ಮುಂದಾಳಾಗಿ ನಿಂತವರಲ್ಲಿ ಮಯಿಲಮ್ಮ ಎಂಬ ಆದಿವಾಸಿ ಮಹಿಳೆ ಪ್ರಮುಖರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. 2004ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. ಅಲ್ಲಿ ಆದ ನಷ್ಟ ಸುಮಾರು 216 ಕೋಟಿ ರೂಪಾಯಿ ಅಂತ ಕೇರಳ ಸರಕಾರ ನೇಮಿಸಿದ ಸಮಿತಿ 2010ರಲ್ಲಿ ಹೇಳಿತು. ಪರಿಹಾರಕ್ಕಾಗಿ 2011ರಲ್ಲಿ ವಿಧಾನಸಭೆ ಮಸೂದೆ ಪಾಸು ಮಾಡಿದರೂ ರಾಷ್ಟ್ರಪತಿಯವರ ಅಂಗೀಕಾರ ಸಿಗಲಿಲ್ಲ.

ಪಾನೀಯದಲ್ಲಿ ಸೇರುವಷ್ಟು ನೀರನ್ನು ಪ್ರಕೃತಿಗೆ, ಜನರಿಗೆ ಹಿಂತಿರುಗಿಸುತ್ತೇವೆ ಅಂತ ಕಂಪನಿ 2007ರಲ್ಲಿ ಮಾತು ಕೊಟ್ಟಿತು. 2015ರಲ್ಲಿ ಗುರಿ ಮುಟ್ಟಿದೆವು ಅಂತ ಸಾರಿತು. ಚೆಕ್ ಡ್ಯಾಂ ಕಟ್ಟುವುದು, ಕೆರೆ ಹೂಳೆತ್ತುವುದು ಒಳ್ಳೆಯ ಕೆಲಸವೇ. ಆದರೆ ಆ ಲೆಕ್ಕ ಇಡೀ ಜಗತ್ತಿನದು. ನಾವು ಕಟ್ಟಿದ ಕಂತನ್ನು ಬೇರೆ ಸಂಘದ ಪುಸ್ತಕದಲ್ಲಿ ಜಮಾ ಮಾಡಿದರೆ ಸುಮ್ಮನಿರುತ್ತೇವಾ? ನೀರಿಗೂ ಹಾಗೆಯೇ. ದೂರದ ಊರಿನ ಕೆರೆ ತುಂಬಿದರೆ ನಮ್ಮ ಬಾವಿ ತುಂಬುವುದಿಲ್ಲ. ತೆಗೆದ ಜಾಗದಲ್ಲೇ ನೀರು ಇಂಗಬೇಕು.

ಇನ್ನೊಂದು ಮಾತು. ಕಂಪನಿಯವರು ಶಾಲೆಗೆ ಬೆಂಚು, ಊರಿಗೆ ಶುದ್ಧ ನೀರಿನ ಘಟಕ, ಮಹಿಳೆಯರಿಗೆ ತರಬೇತಿ ಕೊಟ್ಟಾಗ ನಾವು ಕೈಮುಗಿದು ಸುಮ್ಮನಾಗುತ್ತೇವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನಾದರೂ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅಂದಮೇಲೆ ಇದು ಬರೀ ದಾನವಲ್ಲ, ಕಾನೂನಿನ ಕರ್ತವ್ಯ. ಧನ್ಯವಾದ ಹೇಳೋಣ, ಲೆಕ್ಕವನ್ನೂ ಕೇಳೋಣ.

ಯಾವುದೇ ಪಾನೀಯದ ಅಥವಾ ಬಾಟಲಿ ನೀರಿನ ಘಟಕ ನಮ್ಮೂರಿಗೆ ಬಂದರೆ ಗ್ರಾಮಸಭೆಯಲ್ಲಿ ಹೀಗೆ ಕೇಳಿ:

1. ದಿನಕ್ಕೆ ಎಷ್ಟು ನೀರು ತೆಗೆಯುತ್ತೀರಿ? ಮೀಟರ್ ಇದೆಯಾ?
2. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿದರೆ ಏನು ವ್ಯವಸ್ಥೆ?
3. ಕೊಳಕು ನೀರು, ಕೆಸರು ಎಲ್ಲಿಗೆ ಹೋಗುತ್ತದೆ?
4. ನೀರಿಂಗಿಸುವ ಕೆಲಸ ಯಾವ ಊರಿನಲ್ಲಿ?

ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕೊಡ ಹೊರುವವರು ನಾವು. ನೀರಿನ ಲೆಕ್ಕ ಕೇಳುವವರೂ ನಾವೇ ಆಗೋಣ.