ಉಡುಗೊರೆಯ ಕಾರು, ಬೊಕ್ಕಸದ ಸುಂಕ

ವೆಸ್ಟ್ ಇಂಡೀಸಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ 2002ರ ಏಪ್ರಿಲ್‌ನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ 29ನೇ ಶತಕ ಬಾರಿಸಿ ಡಾನ್ ಬ್ರಾಡ್ಮನ್ ಅವರ ಶತಕಗಳ ಸಂಖ್ಯೆಯನ್ನು ಸರಿಗಟ್ಟಿದರು. ಈ ಸಾಧನೆಗಾಗಿ ಇಟಲಿಯ ಫಿಯೆಟ್ ಕಂಪನಿ ಅವರಿಗೆ ಫೆರಾರಿ 360 ಮೊಡೆನಾ ಕಾರನ್ನು ಉಡುಗೊರೆಯಾಗಿ ನೀಡಿತು. ಅದೇ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಕಾರು ಓಟದ ವಿಶ್ವ ಚಾಂಪಿಯನ್ ಮೈಕೆಲ್ ಶುಮಾಕರ್ ಅದನ್ನು ಹಸ್ತಾಂತರಿಸಿದರು. ಕಾರು ಭಾರತಕ್ಕೆ ಬರಬೇಕಾದರೆ ಸುಮಾರು 1.13 ಕೋಟಿ ರೂಪಾಯಿ ಆಮದು ಸುಂಕ ಕಟ್ಟಬೇಕಿತ್ತು. ಕೇಂದ್ರ ಸರ್ಕಾರ ಅದನ್ನು ಮನ್ನಾ ಮಾಡಲು ಒಪ್ಪಿತು. ವಿವಾದ ಹುಟ್ಟಿದ್ದು ಆಗ.

ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ಕೋಟ್ಯಧಿಪತಿಯ ಕಾರಿಗೆ ಜನರ ತೆರಿಗೆ ಹಣದಿಂದ ರಿಯಾಯಿತಿ ಏಕೆ ಎಂಬ ಪ್ರಶ್ನೆ ಪತ್ರಿಕೆಗಳಲ್ಲೂ ಚರ್ಚೆಯಾಯಿತು. ಕೊನೆಗೆ ಫಿಯೆಟ್ ಕಂಪನಿಯೇ ಸುಂಕವನ್ನು ಭರಿಸಿತು. ಪ್ರಕರಣ ಅಲ್ಲಿಗೆ ತಣ್ಣಗಾದರೂ ಅದು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ.

ವೀರರಿಗೆ ಕರಮುಕ್ತ ದತ್ತಿ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಕ್ರಿ.ಶ. 450ರ ಸುಮಾರಿನದೆನ್ನಲಾದ, ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಲ್ಲಿಯೇ ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜಅರಸನಿಗೆ 'ಬಾಳ್ಗಚ್ಚು' ಎಂಬ ದತ್ತಿಯ ಉಲ್ಲೇಖವಿದೆ. ವೀರನ ಕತ್ತಿಯನ್ನು ತೊಳೆದು ಕೊಡುವ ಗೌರವವದು. ಮುಂದೆ ಎಲ್ಲ ತೆರಿಗೆಗಳಿಂದ ಮುಕ್ತವಾದ ಭೂಮಿಗೆ 'ಸರ್ವಮಾನ್ಯ' ಎಂಬ ಹೆಸರೇ ಬಂತು. ಆದರೆ ಒಂದು ಅಂಶ ಗಮನಾರ್ಹ. ಆ ದತ್ತಿಗಳಲ್ಲಿ ಕೊಡುವವನು ಆಳುವವನೇ. ಕೊಟ್ಟದ್ದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲೆ ಕೆತ್ತಿಸಲಾಗುತ್ತಿತ್ತು. ಫೆರಾರಿಯ ವಿಷಯದಲ್ಲಿ ಉಡುಗೊರೆ ಕಂಪನಿಯದು, ನಷ್ಟ ಬೊಕ್ಕಸದ್ದು.

ಇಲ್ಲಿ ಬಹುಮಾನಕ್ಕೂ ಉಡುಗೊರೆಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. 1985ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಮುಗಿದ ವಿಶ್ವ ಚಾಂಪಿಯನ್‌ಷಿಪ್ ಕ್ರಿಕೆಟ್‌ನಲ್ಲಿ ರವಿಶಾಸ್ತ್ರಿ ಸರಣಿಯ ಶ್ರೇಷ್ಠ ಆಟಗಾರನಾಗಿ ಆಡಿ 100 ಕಾರನ್ನು ಗೆದ್ದರು. ಅದರ ಆಮದು ಸುಂಕವನ್ನೂ ಸರ್ಕಾರ ಬಿಟ್ಟುಕೊಟ್ಟಿತು. ಆದರೆ ಆ ಕಾರು ಪಂದ್ಯಾವಳಿಗೆ ಮೊದಲೇ ಘೋಷಿಸಿದ್ದ ಬಹುಮಾನ. ಯಾವ ಆಟಗಾರನಾದರೂ ಅದನ್ನು ಗೆಲ್ಲಬಹುದಿತ್ತು. ಫೆರಾರಿ ಹಾಗಲ್ಲ. ತೆಂಡೂಲ್ಕರ್ ಆಗ ಫಿಯೆಟ್‌ನ ಪಾಲಿಯೋ ಕಾರಿನ ಪ್ರಚಾರ ರಾಯಭಾರಿಯಾಗಿದ್ದರು. ಅಭಿಮಾನದ ಜೊತೆಗೆ ವ್ಯಾಪಾರವೂ ಆ ಕೊಡುಗೆಯಲ್ಲಿ ಬೆರೆತಿತ್ತು.

ಕಾನೂನು ಏನು ಹೇಳುತ್ತದೆ? 1962ರ ಕಸ್ಟಮ್ಸ್ ಕಾಯ್ದೆಯ 25ನೇ ಕಲಮು ಎರಡು ಬಗೆಯ ವಿನಾಯಿತಿಗೆ ಅವಕಾಶ ಕೊಡುತ್ತದೆ. ಒಂದು, ಎಲ್ಲರಿಗೂ ಅನ್ವಯಿಸುವ ಅಧಿಸೂಚನೆ. ಇನ್ನೊಂದು, ಒಂದೊಂದು ಪ್ರಕರಣಕ್ಕೆ ವಿಶೇಷ ಆದೇಶ. ವಿಶೇಷ ಆದೇಶಕ್ಕೆ ಸಾರ್ವಜನಿಕ ಹಿತ ಕಾರಣವಾಗಿರಬೇಕು, ಅದಕ್ಕೆ ಕಾರಣವಾದ ಅಸಾಧಾರಣ ಸಂದರ್ಭ ಯಾವುದೆಂಬುದನ್ನು ಆದೇಶದಲ್ಲಿಯೇ ಹೇಳಬೇಕು. ಆದಾಯ ತೆರಿಗೆಯಲ್ಲೂ ಇಂಥ ವಿವೇಚನೆ ನಡೆದಿದೆ. ಸರ್ಕಾರ ಸಾರ್ವಜನಿಕ ಹಿತದೃಷ್ಟಿಯಿಂದ ಸ್ಥಾಪಿಸಿದ ಪ್ರಶಸ್ತಿಗಳಿಗೆ 1961ರ ಕಾಯ್ದೆ ವಿನಾಯಿತಿ ನೀಡಿತ್ತು. 1986ರ ಜನವರಿಯಲ್ಲಿ ಹೊರಟ ಸುತ್ತೋಲೆಯೊಂದು, ವೃತ್ತಿಪರನಲ್ಲದ ಆಟಗಾರನಿಗೆ ಬಂದ ಪ್ರಶಸ್ತಿ ತೆರಿಗೆಗೆ ಒಳಪಡದು ಎಂದು ಸ್ಪಷ್ಟಪಡಿಸಿತು. ಆಟವೇ ಜೀವನೋಪಾಯವಾದವನಿಗೆ ಈ ಮಾತು ಅನ್ವಯಿಸಲಿಲ್ಲ.

ತಾರೆಗಳ ಪರವಾದ ವಾದದಲ್ಲೂ ಹುರುಳಿಲ್ಲದಿಲ್ಲ. ಅವರ ಆಟ ಕೋಟ್ಯಂತರ ಜನರಿಗೆ ಸಂತೋಷ ತಂದಿದೆ, ದೇಶಕ್ಕೆ ಕೀರ್ತಿ ತಂದಿದೆ. ವಿನಾಯಿತಿ ಕೇಳುವುದೂ ತಪ್ಪಲ್ಲ. ಆದರೆ ಕೀರ್ತಿ ತಂದವರೆಲ್ಲ ಶ್ರೀಮಂತರಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರಿಗೆ ಬಿಎಂಡಬ್ಲ್ಯು ಕಾರು ಉಡುಗೊರೆಯಾಗಿ ಸಿಕ್ಕಿತು. ಅಗರ್ತಲಾದ ರಸ್ತೆಗಳಲ್ಲಿ ಅದನ್ನು ಓಡಿಸುವುದು, ದುರಸ್ತಿ ಮಾಡಿಸುವುದು ಕಷ್ಟವೆಂದು ಅವರ ಕುಟುಂಬ ಅದನ್ನು ಹಿಂದಿರುಗಿಸಿ ಬದಲಿಗೆ ಹಣ ಪಡೆಯಿತು. ಐಷಾರಾಮಿ ವಸ್ತುವಿನ ಸುಂಕ ಮನ್ನಾದಿಂದ ಇಂಥ ಕ್ರೀಡಾಪಟುಗಳಿಗೆ ಆಗುವ ಲಾಭ ಅಷ್ಟಕ್ಕಷ್ಟೆ. ಸುಂಕ ಹೆಚ್ಚಿದ್ದಷ್ಟೂ ವಿನಾಯಿತಿಯ ಬೆಲೆ ಹೆಚ್ಚು. ಎಂದರೆ ಅತಿ ದುಬಾರಿ ವಸ್ತು ಪಡೆದವರಿಗೇ ಅತಿ ದೊಡ್ಡ ಲಾಭ.

ಮೈದಾನದಲ್ಲಿ ಗೆದ್ದ ಬಹುಮಾನಕ್ಕೆ ವಿನಾಯಿತಿ ಬೇಕಾದರೆ ಅದು ಎಲ್ಲ ಕ್ರೀಡೆಗಳಿಗೂ, ಎಲ್ಲ ಆಟಗಾರರಿಗೂ ಒಂದೇ ನಿಯಮವಾಗಿರಲಿ. ಕಂಪನಿ ಕೊಡುವ ಉಡುಗೊರೆಯ ಸುಂಕವನ್ನು ಫಿಯೆಟ್ ಕೊನೆಗೆ ಮಾಡಿದಂತೆ ಕಂಪನಿಯೇ ಕಟ್ಟಲಿ. ಸರ್ಕಾರಕ್ಕೆ ಸಾಧಕರನ್ನು ಗೌರವಿಸುವ ಇಚ್ಛೆಯಿದ್ದರೆ ಬಜೆಟ್ಟಿನಲ್ಲಿ ಹಣ ತೆಗೆದಿಟ್ಟು ಬಹಿರಂಗವಾಗಿ ಗೌರವಿಸಬಹುದು. ಹಳೆಯ ಶಾಸನಗಳಿಂದ ಕಲಿಯಬೇಕಾದದ್ದು ಇಷ್ಟು: ಕೊಡುವುದಾದರೆ ತನ್ನ ಹೆಸರಿನಲ್ಲಿ, ಎಲ್ಲರಿಗೂ ಕಾಣುವಂತೆ ಕೊಡಬೇಕು.