ನಾಲಿಗೆಯ ಗಂಟು

ತರಗತಿಯಲ್ಲಿ ಉಪನ್ಯಾಸಕರು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿರುತ್ತದೆ. ಆದರೂ ತಲೆ ತಗ್ಗಿಸಿ ಪುಸ್ತಕ ನೋಡುತ್ತೇವೆ. ಎಸೆಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದ ನನ್ನಂಥವರಿಗೆ ಇದು ದಿನನಿತ್ಯದ ಅನುಭವ. ಕಳೆದ ವರ್ಷ ಜೀವಶಾಸ್ತ್ರದ ಸೆಮಿನಾರ್‌ಗೆ ನನ್ನ ಹೆಸರು ಕರೆದಾಗ ಗಂಟಲು ಒಣಗಿತು. ಎರಡು ವಾಕ್ಯ ಹೇಳಿ ಕುಳಿತುಬಿಟ್ಟೆ. ಅದೇ ರಾತ್ರಿ ಅದೇ ಪಾಠವನ್ನು ಮನೆಯಲ್ಲಿ ತಂಗಿಗೆ ಅರ್ಧ ಗಂಟೆ ಸಲೀಸಾಗಿ ವಿವರಿಸಿದೆ. ಹಾಗಾದರೆ ಕೊರತೆ ಇದ್ದದ್ದು ಎಲ್ಲಿ?

ವಿಜ್ಞಾನದ ಉತ್ತರ ಸರಳ. ಅಪಾಯವಿದೆ ಎಂದು ಮೆದುಳು ತಿಳಿದರೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಾಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈ ಬೆವರುತ್ತದೆ. ನಮ್ಮಲ್ಲಿ ಪ್ರತಿಭೆ ಇಲ್ಲ ಎಂಬುದಕ್ಕೆ ಇದು ಪುರಾವೆಯಲ್ಲ. ದೇಹ ತನ್ನ ಕೆಲಸ ಮಾಡುತ್ತಿದೆ, ಅಷ್ಟೆ.

ಪ್ರವಾದಿಯೂ ಹೆದರಿದ್ದರು

ನಮ್ಮಲ್ಲಿ ಅನೇಕರು ಪರೀಕ್ಷಾ ಕೊಠಡಿಗೆ ಹೋಗುವ ಮೊದಲು ಒಂದು ದುಆ ಹೇಳಿಕೊಳ್ಳುತ್ತೇವೆ. ಎದೆಯನ್ನು ವಿಶಾಲಗೊಳಿಸು, ಕೆಲಸವನ್ನು ಸುಲಭಗೊಳಿಸು, ನಾಲಿಗೆಯ ಗಂಟನ್ನು ಬಿಡಿಸು ಎಂಬುದು ಅದರ ಭಾವ. ಚಿಕ್ಕಂದಿನಿಂದ ಬಾಯಿಪಾಠವಾಗಿರುವುದರಿಂದ ಅದು ಯಾರ ಪ್ರಾರ್ಥನೆ ಎಂದು ನಾವು ಯೋಚಿಸುವುದು ಕಡಿಮೆ. ಕುರ್‌ಆನಿನ 20ನೇ ಅಧ್ಯಾಯವಾದ ತಾಹಾದಲ್ಲಿ ಪ್ರವಾದಿ ಮೂಸಾ(ಅ) ಮಾಡಿದ ಪ್ರಾರ್ಥನೆ ಅದು. ಬೈಬಲಿನಲ್ಲಿ ಇವರೇ ಮೋಶೆ. ತನಗೆ ಮಾತು ಸರಾಗವಾಗಿ ಬರುವುದಿಲ್ಲ ಎಂದು ಅವರು ಹೇಳಿಕೊಂಡದ್ದು ಅಲ್ಲಿಯೂ ಇದೆ.

ಅಲ್ಲಾಹನು ಅವರನ್ನು ಈಜಿಪ್ಟಿನ ದೊರೆ ಫಿರ್‌ಔನನ ಬಳಿಗೆ ಹೋಗಲು ಆಜ್ಞಾಪಿಸಿದಾಗ ಮೂಸಾ(ಅ) ಧೈರ್ಯದ ಮಾತುಗಳನ್ನು ಆಡಲಿಲ್ಲ. ಹಿಂದೆ ತನ್ನ ಕೈಯಿಂದ ಒಬ್ಬ ವ್ಯಕ್ತಿ ಸತ್ತಿದ್ದಾನೆ, ಅವರು ತನ್ನನ್ನು ಕೊಂದಾರು ಎಂಬ ಭಯವನ್ನು ತೆರೆದು ಹೇಳಿದರು. ಅದಕ್ಕೆ ಮುಂಚೆ, ತನ್ನದೇ ಊರುಗೋಲು ಹಾವಿನಂತೆ ಚಲಿಸಿದ್ದನ್ನು ಕಂಡು ಹಿಂತಿರುಗಿ ನೋಡದೆ ಓಡಿದ್ದರು. ಕುರ್‌ಆನ್ ಇದನ್ನು ಮುಚ್ಚಿಡುವುದಿಲ್ಲ.

ಅವರು ಕೇಳಿದ್ದು ಏನು?

ಆ ಪ್ರಾರ್ಥನೆಯಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಅವರು ಮಹಾ ವಾಗ್ಮಿಯಾಗಬೇಕೆಂದು ಬೇಡಲಿಲ್ಲ. ತನ್ನ ಮಾತು ಜನರಿಗೆ ಅರ್ಥವಾಗಲಿ ಎಂದಷ್ಟೇ ಬೇಡಿದರು. ಜನ ಮೆಚ್ಚಬೇಕು, ಯಾರೂ ನಗಬಾರದು ಎಂಬ ಆಸೆಯೇ ನಮ್ಮ ಭಯದ ದೊಡ್ಡ ಪಾಲು. ಅರ್ಥವಾದರೆ ಸಾಕು ಎಂದುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯದು, ಅವರು ಜೊತೆಗಾರನನ್ನು ಕೇಳಿದರು. ಸಹೋದರ ಹಾರೂನ್(ಅ) ತನಗಿಂತ ಚೆನ್ನಾಗಿ ಮಾತಾಡಬಲ್ಲವರು ಎಂದು ಒಪ್ಪಿಕೊಂಡರು. ಅದರಲ್ಲಿ ಅಸೂಯೆಯೂ ಇಲ್ಲ, ಕೀಳರಿಮೆಯೂ ಇಲ್ಲ. ಒಬ್ಬರಿಗೆ ಮಾತಿನ ಕೊಡುಗೆ, ಇನ್ನೊಬ್ಬರಿಗೆ ಮುನ್ನಡೆಸುವ ಹೊಣೆ. ನಮ್ಮ ತರಗತಿಯಲ್ಲೂ ಹಾಗೆಯೇ. ಒಬ್ಬಳು ಲೆಕ್ಕವನ್ನು ಬಿಡಿಸಿ ಹೇಳುತ್ತಾಳೆ, ಒಬ್ಬ ಇಂಪಾಗಿ ಕುರ್‌ಆನ್ ಪಾರಾಯಣ ಮಾಡುತ್ತಾನೆ, ಇನ್ನೊಬ್ಬರು ಅಳುವ ಗೆಳತಿಯ ಪಕ್ಕ ಸುಮ್ಮನೆ ಕೂತು ಸಮಾಧಾನಪಡಿಸುತ್ತಾರೆ. ಇವೆಲ್ಲ ದೇವರು ಕೊಟ್ಟ ಅಮಾನತ್, ಅಂದರೆ ನಮ್ಮ ಕೈಗೆ ಒಪ್ಪಿಸಿದ ಸೊತ್ತು. ಅದನ್ನು ಬಚ್ಚಿಟ್ಟು ವಿನಯ ಎಂದು ಹೆಸರಿಡುವುದು ಸರಿಯಲ್ಲ.

ಭಯ ಮತ್ತೆ ಬರಬಹುದು

ಅವರ ಪ್ರಾರ್ಥನೆ ಸ್ವೀಕಾರವಾಯಿತು. ನಾನು ನಿಮ್ಮಿಬ್ಬರ ಜೊತೆಗಿದ್ದೇನೆ ಎಂಬ ಭರವಸೆಯೂ ಸಿಕ್ಕಿತು. ಆದರೂ ಮಾಂತ್ರಿಕರು ಹಗ್ಗ, ಕೋಲುಗಳನ್ನು ಎಸೆದಾಗ ಮೂಸಾ(ಅ)ರ ಮನಸ್ಸಿನಲ್ಲಿ ಮತ್ತೆ ಅಂಜಿಕೆ ಮೂಡಿತು. ಅಂಜಬೇಡ, ಕೈಯಲ್ಲಿರುವುದನ್ನು ಎಸೆ ಎಂಬ ಆಜ್ಞೆ ಬಂತು. ಅವರು ಎಸೆದರು. ಭಯ ಪೂರ್ತಿ ಹೋದ ಮೇಲೆ ಹೊರಡೋಣ ಎಂದು ಕಾದಿದ್ದರೆ ಅವರು ಹೊರಡುತ್ತಲೇ ಇರಲಿಲ್ಲವೇನೋ.

ತಡವರಿಸುವವರಿಗೆ ಇನ್ನೊಂದು ಸಮಾಧಾನವಿದೆ. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿರುವ ಒಂದು ಹದೀಸ್ ಪ್ರಕಾರ, ಕುರ್‌ಆನನ್ನು ಕಷ್ಟಪಟ್ಟು, ತೊದಲುತ್ತಾ ಓದುವವರಿಗೆ ಎರಡು ಪಟ್ಟು ಪ್ರತಿಫಲವಿದೆ. ಓದಿದ್ದಕ್ಕೆ ಒಂದು, ಪಟ್ಟ ಕಷ್ಟಕ್ಕೆ ಇನ್ನೊಂದು. ತೊದಲು ಮಾತು ನಾಚಿಕೆಯ ವಿಷಯವಲ್ಲ ಎನ್ನಲು ಇದಕ್ಕಿಂತ ಹೆಚ್ಚೇನು ಬೇಕು?

ನಾವು ಮಾಡಬಹುದಾದದ್ದು

ಭಯವಿದೆ ಎಂದು ಒಬ್ಬರ ಬಳಿಯಾದರೂ ಹೇಳಿಕೊಳ್ಳೋಣ. ಮೊದಲ ದಿನವೇ ವೇದಿಕೆ ಹತ್ತಬೇಕಾಗಿಲ್ಲ. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರೂ ಆರಂಭವೇ. ಇಂಗ್ಲಿಷ್ ಪದ ಸಿಗದಿದ್ದರೆ ಕನ್ನಡದಲ್ಲಿ ಹೇಳಿ ಮುಂದುವರಿಯಲು ಉಪನ್ಯಾಸಕರು ಅವಕಾಶ ಕೊಟ್ಟರೆ ದೊಡ್ಡ ಉಪಕಾರ. ಫಿರ್‌ಔನನ ಜೊತೆಗೂ ಮೃದುವಾಗಿ ಮಾತಾಡಬೇಕೆಂಬ ಆಜ್ಞೆಯಿತ್ತು. ಹಾಗಿರುವಾಗ ತಡವರಿಸುವ ಸಹಪಾಠಿಯನ್ನು ನೋಡಿ ಹಿಂದಿನ ಬೆಂಚಿನಿಂದ ನಗದಿರುವುದು ನಮ್ಮಿಂದಾಗದ ಕೆಲಸವೇ?

ಮುಂದಿನ ಸೆಮಿನಾರ್‌ಗೆ ನಾನು ಹೆಸರು ಕೊಟ್ಟಿದ್ದೇನೆ. ಬೋರ್ಡಿನ ಮೇಲೆ ಚಿತ್ರ ಬರೆಯಲು ಗೆಳತಿಯೊಬ್ಬಳು ಜೊತೆಗಿರುತ್ತಾಳೆ. ಗಂಟಲು ಈ ಸಲವೂ ಒಣಗಬಹುದು. ನೀರಿನ ಬಾಟಲಿ ಇಟ್ಟುಕೊಂಡು ನಿಲ್ಲುತ್ತೇನೆ.